ಮುಂದಿನ ಹಾಲುಹಲ್ಲು ಹುಳುಕಾಗಿ ಹೋಯಿತಾ? ಕಟ್ಟಿಸುವ ಮೊದಲು ದವಡೆ ಹಲ್ಲು ನೋಡಿ

ನನ್ನ ಮಗಳಿಗೆ 3 ವರ್ಷ 4 ತಿಂಗಳಾಗಿದ್ದಾಗ ಮೇಲಿನ ಸಾಲಿನ ಮುಂದಿನ ನಾಲ್ಕೂ ಹಲ್ಲು ಕೀಳಿಸಬೇಕಾಯಿತು. ಹುಳುಕು. ಹಲ್ಲು ಸವೆದು ಒಸಡಿನ ಮಟ್ಟಕ್ಕೆ ಬಂದಿತ್ತು, ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತ್ತು. ಮಾರನೇ ದಿನ ಮಂಡ್ಯದಿಂದ ಮೈಸೂರಿಗೆ ಬಂದ ನಮ್ಮತ್ತೆ ಮಗುವಿನ ಬಾಯಿ ನೋಡಿ ಮೊದಲು ಕೇಳಿದ್ದು, "ಕಿತ್ತ ಹಲ್ಲು ಎಲ್ಲಿ? ಸಗಣಿಲಿಟ್ಟು ಹೆಂಚಿನ ಮೇಲೆ ಎಸೀಬೇಕಲ್ವಾ, ಇಲ್ದಿದ್ರೆ ಹೊಸ ಹಲ್ಲು ಹೆಂಗ್ ಬತ್ತದೆ?" ಎಂದು. ನಮ್ಮದು ಅಪಾರ್ಟ್‌ಮೆಂಟು. ಹೆಂಚೂ ಇಲ್ಲ, ಸಗಣಿಯೂ ಇಲ್ಲ. ಹೊಸ ಹಲ್ಲು ಬರುವುದಕ್ಕೆ ಇನ್ನೂ ಸುಮಾರು ನಾಲ್ಕು ವರ್ಷ ಬಾಕಿ.

ಆ ನಾಲ್ಕು ವರ್ಷ ಮಗು ಬೊಚ್ಚುಬಾಯಲ್ಲೇ ಇರಬೇಕಾ, ಹಲ್ಲು ಕಟ್ಟಿಸಬಹುದಾ, ಕಟ್ಟಿಸಿದರೆ ಯಾವ ತರಹದ್ದು, ಎಷ್ಟು ಸಲ ಓಡಾಡಬೇಕು, ಇದನ್ನೆಲ್ಲ ನಾವು ತಪ್ಪು ಮಾಡಿಯೇ ಕಲಿತೆವು. ನಾನು ಡಾಕ್ಟರಲ್ಲ. ಮಕ್ಕಳ ಹಲ್ಲಿನ ಡಾಕ್ಟರ ಕುರ್ಚಿ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿಸಿಕೊಂಡಿದ್ದು, ಕಾಡಿಸಿ ಕೇಳಿದ್ದು, ಆಮೇಲೆ ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ. ನಿಮ್ಮ ಮಗುವಿಗೆ ಯಾವುದು ಸರಿ ಅನ್ನುವುದನ್ನು ಅದರ ಬಾಯಿ ನೋಡಿದ ಡಾಕ್ಟರೇ ಹೇಳಬೇಕು.

ಕಟ್ಟಿಸಲೇಬೇಕಾ?

ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ.

ದವಡೆಯ ಹಾಲುಹಲ್ಲು ಬೇಗ ಹೋದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ. ಆಮೇಲೆ ಹುಟ್ಟಬೇಕಾದ ಹಲ್ಲಿಗೆ ಜಾಗ ಸಾಲುವುದಿಲ್ಲ. ಹಾಗಾಗಿ ಅಲ್ಲಿ ಜಾಗ ಹಿಡಿದಿಡುವ ತಂತಿ ಹಾಕುತ್ತಾರೆ. ಮುಂದಿನ ಹಲ್ಲಿನ ಕತೆ ಬೇರೆ. ಕೋರೆಹಲ್ಲು ಹುಟ್ಟಿ ನೆಲೆ ನಿಂತ ಮೇಲೆ ಮುಂದಿನ ಹಲ್ಲು ಹೋದರೆ ಜಾಗ ಅಷ್ಟಾಗಿ ಮುಚ್ಚಿಕೊಳ್ಳುವುದಿಲ್ಲ. ಹಾಲಿನ ಕೋರೆಹಲ್ಲು ಸಾಮಾನ್ಯವಾಗಿ 16ರಿಂದ 22 ತಿಂಗಳೊಳಗೆ ಬರುತ್ತದೆ. ಅದಕ್ಕೂ ಮೊದಲೇ ಮುಂದಿನದು ಹೋಗಿದ್ದರೆ ಮಾತ್ರ ಜಾಗದ ವಿಷಯವನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಿ.

ಊಟದ ಚಿಂತೆಯಂತೂ ಬೇಡವೇ ಬೇಡ. ನಮ್ಮ ಕಡೆ ಮುದ್ದೆಗೆ ಹಲ್ಲು ಯಾರಿಗೆ ಬೇಕು? ಅನ್ನ, ಇಡ್ಲಿ, ಚಪಾತಿ ಎಲ್ಲವನ್ನೂ ಮಗು ಪಕ್ಕದ ಹಲ್ಲಿಗೆ ಕೊಟ್ಟು ಅಗಿಯುತ್ತದೆ. ಸೀಬೆಹಣ್ಣು ಕಚ್ಚಲು ಆಗುವುದಿಲ್ಲ ಅಷ್ಟೆ, ಹೆಚ್ಚಿಕೊಟ್ಟರಾಯಿತು.

ಮಾತಿನ ವಿಷಯ ಸ್ವಲ್ಪ ಗೋಜಲು. ತ, ದ, ನ ಅನ್ನುವಾಗ ನಾಲಿಗೆ ಮೇಲಿನ ಹಲ್ಲಿನ ಹಿಂಭಾಗಕ್ಕೆ ತಾಗುತ್ತದೆ. ಫೋನ್, ವಡೆ ಅನ್ನುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗುತ್ತದೆ. ಸ ಅನ್ನುವಾಗ ಗಾಳಿ ಹಲ್ಲಿನ ಸಂದಿಯಲ್ಲಿ ಹೋಗುತ್ತದೆ. ಹಲ್ಲಿಲ್ಲದಿದ್ದರೆ ಇವು ಸ್ವಲ್ಪ ಜಾರುತ್ತವೆ. ನಮ್ಮ ಮನೆಯಲ್ಲಿ ಸಾರು ಥಾರಾಗಿತ್ತು. ಹೆಚ್ಚಿನ ಮಕ್ಕಳು ಹೇಗೋ ದಾರಿ ಕಂಡುಕೊಳ್ಳುತ್ತಾರೆ, ಹೊಸ ಹಲ್ಲು ಬಂದ ಮೇಲೆ ಸರಿಹೋಗುತ್ತದೆ. ಮಾತು ಇನ್ನೂ ಕಲಿಯುತ್ತಿರುವಾಗಲೇ, ಅಂದರೆ 3 ವರ್ಷದ ಒಳಗೇ ಹಲ್ಲು ಹೋಗಿದ್ದರೆ, ಅಥವಾ ಮಗು ಆ ಸಂದಿಯಲ್ಲಿ ನಾಲಿಗೆ ತೂರಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದರೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಇನ್ನು ಉಳಿಯುವುದು ನೋಟ. ಅದಕ್ಕಾಗಿ ಹಲ್ಲು ಕಟ್ಟಿಸಿದರೆ ತಪ್ಪೇನಲ್ಲ. ಮಗು ನಗುವಾಗ ಕೈ ಅಡ್ಡ ಇಡುತ್ತಿದ್ದರೆ, ಶಾಲೆಯಲ್ಲಿ "ಅಜ್ಜಿ" ಅನ್ನಿಸಿಕೊಂಡು ಅಳುತ್ತಾ ಬರುತ್ತಿದ್ದರೆ, ಅದು ಸಾಕಷ್ಟು ದೊಡ್ಡ ಕಾರಣವೇ. ಮಗು ಆರಾಮಾಗಿದ್ದು ಬರೀ ನೆಂಟರಿಗೆ ಮಾತ್ರ ಬೇಜಾರು ಅಂತಾದರೆ ಸುಮ್ನೆ ಇರಿ. ಐದೂವರೆ ಆರು ವರ್ಷದ ಮಗುವಾದರಂತೂ ಬೇಡ. ಮೇಲಿನ ಮಧ್ಯದ ಶಾಶ್ವತ ಹಲ್ಲು 7ರಿಂದ 8 ವರ್ಷದೊಳಗೆ ಬರುತ್ತದೆ, ಪಕ್ಕದ್ದು 8ರಿಂದ 9ರೊಳಗೆ. ಸ್ವಲ್ಪ ದಿನದ ಮಾತಿಗೆ ಮಗುವನ್ನು ಅಷ್ಟು ಸಲ ಕುರ್ಚಿ ಹತ್ತಿಸುವುದು ಯಾಕೆ?

ಇನ್ನೂ ಕೀಳಿಸಿಲ್ಲವಾದರೆ ಸ್ವಲ್ಪ ತಡೆಯಿರಿ

ಹುಳುಕು ಹಿಡಿದ ಹಲ್ಲನ್ನೆಲ್ಲ ಕೀಳಬೇಕಿಲ್ಲ. ಒಸಡಿನ ಅಂಚಿಗೆ ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಪಟ್ಟಿ ಕಂಡರೆ ಅದು ಹುಳುಕಿನ ಶುರು. ಆ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಬಳಿದು, ಸಿಹಿ ಕಡಿಮೆ ಮಾಡಿ, ಸರಿಯಾಗಿ ಬ್ರಷ್ ಮಾಡಿದರೆ ಅಲ್ಲಿಗೇ ನಿಲ್ಲಿಸಬಹುದು. ಗುಳಿ ಬಿದ್ದಿದ್ದರೂ ಹಲ್ಲು ಗಟ್ಟಿಯಿದ್ದರೆ ಬಿಳಿ ಕ್ಯಾಪ್ ಹಾಕುತ್ತಾರೆ. ಅದರಲ್ಲಿ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬಿ ಕೂರಿಸುವುದೊಂದು, ಪಿಂಗಾಣಿಯಂಥ ಜಿರ್ಕೋನಿಯಾದ ರೆಡಿಮೇಡ್ ಕ್ಯಾಪ್ ಇನ್ನೊಂದು. ಹುಳುಕು ನರದವರೆಗೆ ಹೋಗಿದ್ದರೂ ಬೇರು ಚೆನ್ನಾಗಿದ್ದರೆ ಹಾಲುಹಲ್ಲಿಗೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬಹುದು. ಸಿಲ್ವರ್ ಡಯಮೀನ್ ಫ್ಲೋರೈಡ್ ಅನ್ನುವ ದ್ರವವೊಂದಿದೆ. ಬಳಿಯುವಾಗ ನೋವಿಲ್ಲ, ಹುಳುಕು ಮುಂದುವರಿಯದಂತೆ ತಡೆಯುತ್ತದೆ. ಆದರೆ ಹುಳುಕಿನ ಜಾಗ ಕಪ್ಪಾಗಿಬಿಡುತ್ತದೆ. ದವಡೆಗೆ ಪರವಾಗಿಲ್ಲ, ಮುಂದಿನ ಹಲ್ಲಿಗೆ ಒಪ್ಪಿಕೊಳ್ಳುವ ಮೊದಲು ಇದನ್ನು ತಿಳಿದಿರಿ.

"ಹಾಲುಹಲ್ಲು ತಾನೆ, ಬಿದ್ದೋಗೋದೇ ಅಲ್ವಾ" ಎಂದು ಕೀವು ತುಂಬಿದ ಹಲ್ಲನ್ನು ಹಾಗೇ ಬಿಡುವುದು ಇನ್ನೊಂದು ತಪ್ಪು. ಹಾಲುಹಲ್ಲಿನ ಬೇರಿಗೆ ಹತ್ತಿಕೊಂಡೇ ಶಾಶ್ವತ ಹಲ್ಲು ಒಳಗೆ ತಯಾರಾಗುತ್ತಿರುತ್ತದೆ. ಮೇಲಿನ ಕೀವು ಅದಕ್ಕೆ ತಾಗಿದರೆ ಮುಂದೆ ಬರುವ ಹಲ್ಲಿನ ಮೇಲೆ ಕಂದು ಕಲೆ, ತಗ್ಗು ಬರಬಹುದು. ನಮ್ಮದು ಆ ಹಂತ ತಲುಪಿತ್ತು, ಕೀಳದೆ ದಾರಿ ಇರಲಿಲ್ಲ. ಮುಖ ಊದಿಕೊಂಡರೆ, ಜೊತೆಗೆ ಜ್ವರವಿದ್ದರೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ. ಲವಂಗದ ಎಣ್ಣೆ ಒತ್ತುವುದು, ಹೊಗೆಸೊಪ್ಪು ಇಡುವುದು ಮಕ್ಕಳ ಒಸಡಿಗೆ ಮಾಡುವ ಕೆಲಸವಲ್ಲ.

ಯಾರ ಹತ್ತಿರ ಹೋಗುವುದು

ಬೋರ್ಡಿನಲ್ಲಿ "ಎಂಡಿಎಸ್, ಪೀಡೋಡಾಂಟಿಕ್ಸ್" ಅಥವಾ "ಮಕ್ಕಳ ದಂತ ತಜ್ಞರು" ಎಂದು ಇರುವವರನ್ನು ಹುಡುಕಿ. ದೊಡ್ಡವರ ಹಲ್ಲು ಚೆನ್ನಾಗಿ ಕಟ್ಟುವ ಡಾಕ್ಟರಿಗೆ ಮೂರು ವರ್ಷದ ಮಗುವನ್ನು ಬಾಯಿ ತೆರೆಸುವ ವಿದ್ಯೆ ಇರಲೇಬೇಕೆಂದಿಲ್ಲ.

ಮೈಸೂರಿನಲ್ಲಿ ನಮಗೊಂದು ಅನುಕೂಲವಿದೆ. ಜೆಎಸ್ಎಸ್, ಫಾರೂಕಿಯಾ ಎಂದು ದಂತ ಕಾಲೇಜುಗಳೇ ಇವೆ. ದಂತ ಕಾಲೇಜು ಅಂದಮೇಲೆ ಮಕ್ಕಳ ದಂತ ವಿಭಾಗ ಇದ್ದೇ ಇರುತ್ತದೆ. ಅಲ್ಲಿ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣ ಮುಂದೆ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ, ಸಮಯ ಜಾಸ್ತಿ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಬರುವವರು ಬೆಳಿಗ್ಗೆ ಬೇಗ ಹೊರಟು ಒಪಿಡಿ ಚೀಟಿ ಮಾಡಿಸಿಕೊಳ್ಳಿ. ಮಗುವಿನ ಊಟ, ಒಂದು ಜೊತೆ ಬಟ್ಟೆ, ಮನೆಯಿಂದ ಒಂದು ಆಟಿಕೆ ಬ್ಯಾಗಿನಲ್ಲಿರಲಿ. ಮಧ್ಯಾಹ್ನ ನಿದ್ದೆಗೆ ಜಾರುವ ಮಗುವನ್ನು ಆ ಹೊತ್ತಿಗೆ ಕುರ್ಚಿ ಮೇಲೆ ಕೂರಿಸಿದರೆ ಯಾವ ಡಾಕ್ಟರಿಂದಲೂ ಏನೂ ಆಗುವುದಿಲ್ಲ.

ಮಗುವಿಗೆ ಹೃದಯದ ತೊಂದರೆ, ರಕ್ತ ಬೇಗ ನಿಲ್ಲದ ತೊಂದರೆ, ಪಿಟ್ಸ್ ಇದ್ದರೆ ಕೇಳುವ ಮೊದಲೇ ಹೇಳಿ. ಕಡಿಮೆ ಬೆಲೆಯ ಓಲೆ ಹಾಕಿದಾಗ ಕಿವಿ ಕೆಂಪಾಗಿ ತುರಿಕೆ ಬಂದಿದ್ದರೆ ಅದನ್ನೂ ಹೇಳಬೇಕು, ಹಲ್ಲಿಗೆ ಹಾಕುವ ಸ್ಟೀಲಿನಲ್ಲಿ ನಿಕಲ್ ಇರುತ್ತದೆ.

ನಾವು ಮಾಡಿದ ತಪ್ಪು

ಹಲ್ಲು ಕೀಳಿಸಿ ಎರಡು ತಿಂಗಳಾದ ಮೇಲೆ ನಾವು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ. "ಹಲ್ಲು ಕಟ್ಟಿಕೊಡಿ" ಅಂದೆವು, ಕಟ್ಟಿಕೊಟ್ಟರು. ತೆಗೆದು ಹಾಕುವ ಪ್ಲೇಟು. ಅಂಗುಳಿಗೆ ಅಂಟುವ ಗುಲಾಬಿ ಪ್ಲಾಸ್ಟಿಕ್ಕು, ಅದಕ್ಕೆ ನಾಲ್ಕು ಹಲ್ಲು, ದವಡೆ ಹಲ್ಲಿಗೆ ಸಿಕ್ಕಿಸುವ ತಂತಿ ಕೊಕ್ಕೆ. ಮಗಳು ಮೊದಲ ದಿನ ಕನ್ನಡಿ ಮುಂದಿನಿಂದ ಏಳಲೇ ಇಲ್ಲ. ನಾವೂ ಖುಷಿಯಾದೆವು.

ಮೂರನೇ ತಿಂಗಳಲ್ಲಿ ಮಂಡ್ಯದ ಒಂದು ಛತ್ರದಲ್ಲಿ ಮದುವೆ. ಊಟಕ್ಕೆ ಕೂತವಳು ಪ್ಲೇಟು ತೆಗೆದು ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ ಪಕ್ಕ ಇಟ್ಟಿದ್ದಾಳೆ. ಊಟ ಮುಗಿಯಿತು, ಎಲೆ ಮಡಚಿದರು, ಎತ್ತಿಕೊಂಡು ಹೋದರು. ಛತ್ರದ ಹಿಂದೆ ಎಂಜಲೆಲೆಯ ರಾಶಿ ಮುಂದೆ ರೇಷ್ಮೆ ಸೀರೆ ಉಟ್ಟು ನಿಂತು ನಾನು ಹಲ್ಲು ಹುಡುಕಿದೆ. ಸಿಗಲಿಲ್ಲ.

ಹೋಗಿದ್ದೇ ಒಳ್ಳೆಯದಾಯಿತು ಅನ್ನಬೇಕು. ಹೊಸದು ಮಾಡಿಸಲು ಮಕ್ಕಳ ದಂತ ತಜ್ಞರ ಹತ್ತಿರ ಹೋದಾಗ ಅವರು ಮುಂದಿನ ಖಾಲಿ ಜಾಗ ನೋಡಲೇ ಇಲ್ಲ. ಕನ್ನಡಿ ಹಿಡಿದು ಸೀದಾ ಹಿಂದಕ್ಕೆ ಹೋದರು. ಕೊಕ್ಕೆ ಸಿಕ್ಕಿಸಿದ್ದ ಎರಡು ದವಡೆ ಹಲ್ಲಲ್ಲೂ ಹುಳುಕು. ಕೊಕ್ಕೆಯ ಸುತ್ತ ಆಹಾರ ಕೂತು ಮೊದಲೇ ಇದ್ದ ಹುಳುಕು ಜೋರಾಗಿತ್ತು. "ಮುಂದಿನ ಹಲ್ಲು ನಿಲ್ಲುವುದೇ ಇವುಗಳ ಮೇಲೆ. ಕಂಬ ಗೆದ್ದಲು ತಿಂದಿರುವಾಗ ಮೇಲೆ ತೊಲೆ ಇಡ್ತೀರಾ?" ಎಂದು ಕೇಳಿದರು. ಆಮೇಲೆ ಹಲ್ಲು ಕಟ್ಟುವ ಮಾತೇ ಇಲ್ಲ. ಆರು ತಿಂಗಳು ಬರೀ ಹುಳುಕು ನಿಲ್ಲಿಸುವ ಕೆಲಸ.

ಹಾಗಾಗಿ ನಿಜವಾದ ಮೊದಲ ಹೆಜ್ಜೆ ಇದು.

ಹುಳುಕು ನಿಲ್ಲಿಸುವುದು

ದವಡೆ ಹಲ್ಲುಗಳನ್ನು ಒಂದೊಂದಾಗಿ ನೋಡಿಸಿ. ಸಣ್ಣ ಗುಳಿಗೆ ಸಿಮೆಂಟು, ದೊಡ್ಡದಕ್ಕೆ ಸ್ಟೀಲ್ ಕ್ಯಾಪು. ಇದು ಡಾಕ್ಟರ ಕೆಲಸ. ಮನೆಯ ಕೆಲಸ ಇದಕ್ಕಿಂತ ಕಷ್ಟ.

ನಾವು ಸಕ್ಕರೆ ನಾಡಿನವರು. ಅತ್ತೆ ಮನೆಯಿಂದ ಹೊರಗೆ ಕಾಲಿಟ್ಟರೆ ಕಬ್ಬಿನ ಗದ್ದೆ, ಸ್ವಲ್ಪ ಮುಂದೆ ಆಲೆಮನೆ. ಅಳುವ ಮಗುವಿನ ಬಾಯಿಗೆ ಒಂದು ಚೂರು ಬೆಲ್ಲ ಹಾಕುವುದು ಅಲ್ಲಿ ಪ್ರೀತಿಯ ಇನ್ನೊಂದು ಹೆಸರು. "ಸಕ್ಕರೆ ಅಲ್ವಲ್ಲ, ಬೆಲ್ಲ, ಮೈಗೆ ಒಳ್ಳೇದು" ಅನ್ನುತ್ತಾರೆ. ಹಲ್ಲಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಲ್ಲ, ಜೇನು, ಸಕ್ಕರೆ, ಬಿಸ್ಕತ್ತು ಯಾವುದೇ ಇರಲಿ, ಬಾಯಿಯ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಆ ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಪ್ರತಿ ಸಲ ಸಿಹಿ ತಿಂದಾಗಲೂ ಸುಮಾರು ಅರ್ಧ ಗಂಟೆ ಈ ದಾಳಿ ನಡೆಯುತ್ತದೆ. ಅದಕ್ಕೇ ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಮುಖ್ಯ. ಊಟದ ಜೊತೆ ಒಂದು ಮೈಸೂರ್ ಪಾಕ್ ತಿಂದು ಮುಗಿಸಿದರೆ ಒಂದು ದಾಳಿ. ಅದೇ ತುಂಡನ್ನು ಮಧ್ಯಾಹ್ನ ಪೂರ್ತಿ ಚೂರು ಚೂರಾಗಿ ಕೊಟ್ಟರೆ ಏಳೆಂಟು ದಾಳಿ. ಅತ್ತೆಗೆ ಇದನ್ನು ಹೀಗೆ ಹೇಳಿದ ಮೇಲೆ ಅರ್ಥವಾಯಿತು. ಈಗ ಬೆಲ್ಲ ಊಟದ ಜೊತೆಗೆ ಮಾತ್ರ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನಂತೂ ನಿಲ್ಲಿಸಲಿಲ್ಲ. ಹಬ್ಬದ ದಿನ ತಿಂದು ಬಾಯಿ ಮುಕ್ಕಳಿಸಿದರೆ ಏನೂ ಮುಳುಗುವುದಿಲ್ಲ.

ಮೇಲಿನ ಮುಂದಿನ ಹಲ್ಲೇ ಮೊದಲು ಹೋಗುವುದಕ್ಕೆ ಕಾರಣ ರಾತ್ರಿಯ ಬಾಟಲಿ. ಮಗು ಹಾಲು ಚೀಪುತ್ತಾ ನಿದ್ದೆ ಹೋದಾಗ ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಜೊಲ್ಲು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ. ನಮ್ಮದು ಸಕ್ಕರೆ, ಚಾಕೊಲೇಟ್ ಪುಡಿ ಎರಡೂ ಹಾಕಿದ ಹಾಲು, ಮೂರು ವರ್ಷದವರೆಗೆ. ಇದನ್ನು ಬರೆಯುವಾಗ ಈಗಲೂ ಮುಜುಗರವಾಗುತ್ತದೆ.

ಬಾಟಲಿ ಬಿಡಿಸಿದ್ದು ಹೀಗೆ. ಮೊದಲು ಪುಡಿ ಮತ್ತು ಸಕ್ಕರೆ ಹೋಯಿತು. ಆಮೇಲೆ ಎರಡು ದಿನಕ್ಕೊಮ್ಮೆ ಮಲಗುವಾಗಿನ ಬಾಟಲಿಯ ಹಾಲಿಗೆ ನೀರು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದೆವು. ಹನ್ನೆರಡನೇ ದಿನ ಅದರಲ್ಲಿ ಬರೀ ನೀರು. ಹದಿಮೂರನೇ ದಿನ ಅವಳೇ ಎಸೆದಳು. ಹಾಲು ಬೇಕಿದ್ದರೆ ಸಂಜೆ ಲೋಟದಲ್ಲಿ ಕುಡಿದು, ಆಮೇಲೆ ಬ್ರಷ್ ಮಾಡಿ, ಮಲಗುವುದು.

ಬ್ರಷ್ ದಿನಕ್ಕೆರಡು ಸಲ. ಮಾಡಿಸುವುದಲ್ಲ, ನಾವೇ ಮಾಡುವುದು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಆ ಹಿಡಿತ ಇರುವುದಿಲ್ಲ. ಮಗುವಿನ ತಲೆಯನ್ನು ತೊಡೆ ಮೇಲಿಟ್ಟುಕೊಂಡು, ಮೇಲಿನ ತುಟಿ ಎತ್ತಿ, ಒಸಡಿನ ಅಂಚು ಕಾಣುವ ಹಾಗೆ ಉಜ್ಜಿ. ಪೇಸ್ಟಿನಲ್ಲಿ 1000 ಪಿಪಿಎಂ ಫ್ಲೋರೈಡ್ ಇದೆಯಾ ಎಂದು ಟ್ಯೂಬಿನ ಹಿಂದೆ ಓದಿ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಬಳಿಯುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ.

ಹೊಸ ಹುಳುಕು ಕಾಣಿಸದೆ ಕೆಲವು ತಿಂಗಳು ಕಳೆದ ಮೇಲೆ ಮುಂದಿನ ಮಾತು.

ಯಾವ ತರಹದ್ದು

ತೆಗೆದು ಹಾಕುವ ಪ್ಲೇಟಿನ ಕತೆ ಹೇಳಿಯಾಯಿತು. ಅದಕ್ಕೂ ಗುಣಗಳಿವೆ. ತೆಗೆದು ತೊಳೆಯಬಹುದು, ಹಲ್ಲಿನ ಸುತ್ತ ಸ್ಟೀಲ್ ಬಳೆ ಕೂರಿಸುವ ಗೋಜಿಲ್ಲ. ಆದರೆ ಮಗು ಅದನ್ನು ಹಾಕಿಕೊಳ್ಳಲು ಒಪ್ಪಬೇಕು, ಕಳೆಯಬಾರದು, ಮುರಿಯಬಾರದು, ಬಾಯಿ ಬೆಳೆದಂತೆ ಹೊಸದು ಮಾಡಿಸುತ್ತಿರಬೇಕು. ಐದು ವರ್ಷದ ಜಾಣ ಮಗುವಿಗೆ ಆದೀತು. ಮೂರರ ಮಗುವಿಗೆ ನಾನಂತೂ ಹೇಳುವುದಿಲ್ಲ.

ಇನ್ನೊಂದು ಬಾಯಲ್ಲೇ ಕೂರಿಸಿಬಿಡುವುದು. ಮಕ್ಕಳ ದಂತ ತಜ್ಞರು ಇದನ್ನು ಗ್ರೋಪರ್ ಅಪ್ಲೈಯನ್ಸ್ ಎಂದು ಕರೆಯುತ್ತಾರೆ. ಎಡ ಬಲದ ದವಡೆ ಹಲ್ಲಿಗೆ ಒಂದೊಂದು ಸ್ಟೀಲ್ ಬಳೆ ಅಥವಾ ಕ್ಯಾಪ್. ಅವೆರಡನ್ನೂ ಸೇರಿಸಿ ಅಂಗುಳಿನ ಕಡೆಯಿಂದ ಕುದುರೆ ಲಾಳದಂತೆ ಬಾಗಿದ ಗಟ್ಟಿ ತಂತಿ. ಅದರ ಮುಂಭಾಗದಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳು. ಕೋರೆಹಲ್ಲನ್ನು ಅದು ಹಿಡಿದುಕೊಳ್ಳುವುದಿಲ್ಲ, ಹಾಗಾಗಿ ಮುಂದಿನ ಭಾಗ ಬೆಳೆಯಲು ಅಡ್ಡಿಯಿಲ್ಲ. ಮಗುವಿನ ಕೈಗೆ ಬಿಚ್ಚಲು ಬರುವುದಿಲ್ಲ. ನಾವು ಕೊನೆಗೆ ಹಾಕಿಸಿದ್ದು ಇದೇ. ಒಂದೇ ಹಲ್ಲು ಹೋಗಿ ಪಕ್ಕದವು ಗಟ್ಟಿಯಿದ್ದರೆ ಕಟ್ಟುವ ಹಲ್ಲನ್ನು ಫೈಬರ್ ಎಳೆಯಿಂದ ಪಕ್ಕದ ಹಲ್ಲಿಗೆ ಅಂಟಿಸುವ ದಾರಿಯೂ ಇದೆ. ಅಷ್ಟು ಗಟ್ಟಿ ಅಲ್ಲ.

ಸಾಮಾನ್ಯವಾಗಿ ಬಳೆ ಕೂರುವುದು ಎರಡನೇ ದವಡೆ ಹಾಲುಹಲ್ಲಿಗೆ. ಅದು ಹುಟ್ಟುವುದು ಎರಡು, ಎರಡೂವರೆ ವರ್ಷದ ಹೊತ್ತಿಗೆ. ಬಾಯಿ ತೆರೆದು ಕೂರುವ ತಾಳ್ಮೆ ಬರಲು ಮೂರಾದರೂ ಬೇಕು. ಬೆರಳು ಚೀಪುವ ಮಗು, ಕೆಳಗಿನ ಹಲ್ಲು ಮೇಲಿನ ಒಸಡಿಗೆ ಕಚ್ಚುವಂತಿರುವ ಮಗು, ತಪಾಸಣೆಗೆ ಮತ್ತೆ ಮತ್ತೆ ಕರೆದುಕೊಂಡು ಹೋಗಲು ಆಗದ ಮನೆ, ಇಲ್ಲೆಲ್ಲ ಡಾಕ್ಟರು ಬೇಡವೆನ್ನಬಹುದು. ಅವರ ಮಾತು ಕೇಳಿ.

ಖರ್ಚು ಕೇಳುವಾಗ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ಎಕ್ಸ್-ರೇ, ಲ್ಯಾಬು, ಕ್ಯಾಪು ಸೇರಿದೆಯಾ? ಸಿಮೆಂಟು ಬಿಟ್ಟರೆ ಮತ್ತೆ ಕೂರಿಸಲು ದುಡ್ಡು ಕೊಡಬೇಕಾ? ಕೊನೆಗೆ ಬಿಚ್ಚುವುದಕ್ಕೆ? ನಾವು ಕೊನೆಯ ಎರಡು ಪ್ರಶ್ನೆ ಕೇಳಿರಲಿಲ್ಲ.

ಕುರ್ಚಿಯಲ್ಲಿ ಏನೇನು ನಡೆಯುತ್ತದೆ

ಹಲ್ಲು ಕಿತ್ತ ಮೇಲೆ ಒಸಡು ಮಾಯಲು ಸಾಮಾನ್ಯವಾಗಿ 6ರಿಂದ 8 ವಾರ ಬಿಡುತ್ತಾರೆ. ಆಮೇಲೆ ಮೊದಲ ಭೇಟಿಯಲ್ಲಿ ಸಣ್ಣ ಎಕ್ಸ್-ರೇ ತೆಗೆಯುತ್ತಾರೆ. ಒಳಗಿರುವ ಶಾಶ್ವತ ಹಲ್ಲು ಎಷ್ಟು ಬೆಳೆದಿದೆ, ಎಷ್ಟು ದೂರವಿದೆ ನೋಡುವುದಕ್ಕೆ. ನನ್ನ ಮಗಳು ಆ ಚಿತ್ರದಲ್ಲಿ ತನ್ನ ದೊಡ್ಡ ಹಲ್ಲು ಅಡಗಿ ಕೂತಿರುವುದನ್ನು ನೋಡಿ ಮನೆಯವರೆಗೂ ಅದೇ ಮಾತಾಡಿದಳು. ನಿಮ್ಮ ಮಗುವಿಗೂ ತೋರಿಸಿ.

ಮುಂದಿನ ಸಲ ದವಡೆ ಹಲ್ಲುಗಳ ಸಂದಿಗೆ ಪುಟ್ಟ ರಬ್ಬರ್ ಉಂಗುರ ತೂರಿಸುತ್ತಾರೆ. ಬಳೆ ಇಳಿಯಲು ಜಾಗ ಮಾಡುವುದಕ್ಕೆ. ಕೆಲವು ದಿನ ಬಾಯಲ್ಲಿರುತ್ತದೆ. ಮೊದಲ ರಾತ್ರಿ ಹಲ್ಲಿನ ಮಧ್ಯೆ ಮಾಂಸದ ಚೂರು ಸಿಕ್ಕಿಕೊಂಡ ಹಾಗೆ ಕಿರಿಕಿರಿ. ಚೂಯಿಂಗ್ ಗಮ್, ಅಂಟುಂಡೆ, ಕಡ್ಲೆ ಮಿಠಾಯಿ ಆ ದಿನಗಳಲ್ಲಿ ಬೇಡ. ಉಂಗುರ ನುಂಗಿಬಿಟ್ಟರೆ ಹೆದರಬೇಡಿ, ಹೊರಗೆ ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿ ಹೇಳಿದರೆ ಸಾಕು.

ಅಳತೆ ತೆಗೆಯುವ ದಿನವೇ ದೊಡ್ಡ ಪರೀಕ್ಷೆ. ಮೊದಲು ಬಳೆ ಕೂರಿಸಿ ನೋಡುತ್ತಾರೆ, ಬಿಗಿ ಅನ್ನಿಸುತ್ತದೆ. ಆಮೇಲೆ ಟ್ರೇಯಲ್ಲಿ ಇಡ್ಲಿ ಹಿಟ್ಟಿನ ಹದದ ಮಿಶ್ರಣ ತುಂಬಿ ಮೇಲಿನ ದವಡೆಗೆ ಒತ್ತಿ ಹಿಡಿಯುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಆ ಎರಡು ನಿಮಿಷ ಮಗುವಿಗೆ ವಾಂತಿ ಬಂದ ಹಾಗೆ ಆಗಬಹುದು. ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಬೇಡಿ. ನಾವು ಒಂದು ವಾರ ಮೊದಲೇ ಮನೆಯಲ್ಲಿ ಆಟ ಆಡಿದೆವು. ಸ್ವಚ್ಛವಾದ ಚಮಚ ಬಾಯಲ್ಲಿಟ್ಟುಕೊಂಡು, ನೇರ ಕೂತು, ಮೂಗಲ್ಲಿ ಉಸಿರಾಡುತ್ತಾ ನಾನು ಇಪ್ಪತ್ತರವರೆಗೆ ಎಣಿಸುವುದು. ಆಮೇಲೆ ಮೂವತ್ತು, ಆಮೇಲೆ ಅರವತ್ತು. ಕ್ಲಿನಿಕ್ಕಿನಲ್ಲಿ ನಾನು ಎಣಿಸಲು ಮರೆತಾಗ ಅವಳೇ ಬೆರಳು ಮಡಚಿ ನೆನಪಿಸಿದಳು.

"ಏನೂ ನೋಯಲ್ಲ ಕಂದಾ" ಎಂದು ಮಾತ್ರ ಹೇಳಬೇಡಿ. ಸ್ವಲ್ಪ ನೋವಾದರೂ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. "ಬಿಗಿ ಅನ್ಸತ್ತೆ, ಆಮೇಲೆ ಹೋಗತ್ತೆ" ಅನ್ನಿ. ಬೇರೆ ದಿನಗಳಲ್ಲಿ "ತರಲೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಎಂದು ಹೆದರಿಸುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿ. ಅಜ್ಜಿ ತಾತಂದಿರಿಗೂ ಹೇಳಿ.

ಹಲ್ಲಿನ ಬಣ್ಣ ಆರಿಸುವಾಗ ಮಗುವನ್ನು ಕಿಟಕಿ ಬೆಳಕಿಗೆ ನಿಲ್ಲಿಸಲು ಕೇಳಿ, ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಹಲ್ಲುಗಳ ಮಧ್ಯೆ ಸಣ್ಣ ಸಂದಿ ಇರಲಿ ಎನ್ನಿ. ಹಾಲುಹಲ್ಲಿನ ಸೊಗಸೇ ಆ ಸಂದಿ. ಒತ್ತೊತ್ತಾಗಿ ಜೋಡಿಸಿದರೆ ತಾತನ ಸೆಟ್ಟು ಹಾಕಿಕೊಂಡ ಹಾಗೆ ಕಾಣುತ್ತದೆ.

ಲ್ಯಾಬಿನಿಂದ ಬಂದ ಮೇಲೆ ಕೊನೆಯ ಭೇಟಿ. ಹಾಕಿ ನೋಡುತ್ತಾರೆ. ಪ್ಲಾಸ್ಟಿಕ್ ಹಲ್ಲು ಒಸಡನ್ನು ಒತ್ತಿ ಬೆಳ್ಳಗೆ ಮಾಡುತ್ತಿದೆಯಾ, ಕಚ್ಚಿದಾಗ ಕೆಳಗಿನ ಹಲ್ಲು ಬಡಿಯುತ್ತಿದೆಯಾ ಎಂದು ನೀವೂ ಕಣ್ಣಾಡಿಸಿ. ಸರಿಯಿದ್ದರೆ ಸಿಮೆಂಟಿನಲ್ಲಿ ಕೂರಿಸುತ್ತಾರೆ. ಅವತ್ತು ಮೊಸರನ್ನ, ಮೆತ್ತಗಿನ ಇಡ್ಲಿ.

ಮೊದಲ ಹದಿನೈದು ದಿನ

ಜೊಲ್ಲು ಸುರಿಯುತ್ತದೆ. ಮಾತು ಮೊದಲಿಗಿಂತ ಕೆಡುತ್ತದೆ. ನಾಲಿಗೆ ಸದಾ ತಂತಿಯನ್ನು ಹುಡುಕುತ್ತದೆ. ಎರಡನೇ ದಿನ ಮಗಳು "ತೆಗೀರಿ" ಎಂದು ರಂಪ ಮಾಡಿದಳು, ನನಗೂ ಅಳು ಬಂತು. ನಾಲ್ಕನೇ ದಿನ ಮರೆತಿದ್ದಳು. ಮಾತಿಗೆ ನಾವು ಕಂಡಕ್ಟರ್ ಆಟ ಆಡಿದೆವು. ಸೋಫಾನೇ ಬಸ್ಸು, ಅವಳೇ ಕಂಡಕ್ಟರು. "ಮೈಸೂರ್ ಮೈಸೂರ್ ಮೈಸೂರ್, ಸೀಟಿದೆ ಸೀಟಿದೆ, ಸ್ಟಾಪ್ ಸ್ಟಾಪ್!" ಸ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಎರಡು ವಾರದಲ್ಲಿ ಥಾರು ಸಾರಾಯಿತು.

ಆಮೇಲಿನ ದಿನಗಳು

ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವುದು ಬೇಡ. ಕಬ್ಬು, ಜೋಳದ ತೆನೆ, ಗಟ್ಟಿ ಚಕ್ಕುಲಿ, ನಿಪ್ಪಟ್ಟು ಎಲ್ಲ ಮುರಿದು ಪಕ್ಕದಲ್ಲಿ ಅಗಿಯುವುದು. ಮಂಡ್ಯದ ಮಗುವಿಗೆ ಕಬ್ಬು ಸಿಗಿಯಬೇಡ ಅನ್ನುವುದು ಕಷ್ಟವೇ. ನಾವು ಸಿಪ್ಪೆ ತೆಗೆದು ಗುಂಡು ಗುಂಡಾಗಿ ಕತ್ತರಿಸಿ ಅಪರೂಪಕ್ಕೆ ಕೊಟ್ಟೆವು, ಕೊಟ್ಟಾಗ ತಕ್ಷಣ ಬಾಯಿ ತೊಳೆಸಿದೆವು.

ಬ್ರಷ್ ಮಾಡುವಾಗ ಬಳೆ ಒಸಡಿಗೆ ಸೇರುವ ಅಂಚು, ಪ್ಲಾಸ್ಟಿಕ್ ಹಲ್ಲಿನ ಹಿಂಭಾಗ, ತಂತಿಯ ಕೆಳಗೆ, ಈ ಮೂರು ಜಾಗ ಬಿಡಬೇಡಿ. 3ರಿಂದ 6 ತಿಂಗಳಿಗೊಮ್ಮೆ ತೋರಿಸಿ, ಫ್ಲೋರೈಡ್ ವಾರ್ನಿಶ್ಶನ್ನೂ ಆಗಲೇ ಹಾಕಿಸಿ. ಬಳೆ ಸಡಿಲವಾದರೆ ಹೊರಗೆ ಏನೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಆದರೆ ಒಳಗೆ ಜೊಲ್ಲು, ಆಹಾರ ನುಗ್ಗಿ ಹಲ್ಲು ಕೊಳೆಯುತ್ತದೆ. ವಾರಕ್ಕೊಮ್ಮೆ ಬಳೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಅಲುಗಿದರೆ, ಅಥವಾ ಬಾಯಿಂದ ಇದ್ದಕ್ಕಿದ್ದಂತೆ ವಾಸನೆ ಶುರುವಾದರೆ ಮುಂದಿನ ತಪಾಸಣೆಗೆ ಕಾಯಬೇಡಿ. ನಮ್ಮದು ಎರಡೂವರೆ ವರ್ಷದಲ್ಲಿ ಎರಡು ಸಲ ಬಿಟ್ಟುಕೊಂಡಿತು. ಒಂದು ಸಲ ಕಾರಣ ಹಲಸಿನ ಹಪ್ಪಳ, ಇನ್ನೊಂದು ಸಲ ಏನು ಅಂತ ಅವಳು ಇವತ್ತಿಗೂ ಹೇಳಿಲ್ಲ.

ಪ್ಲಾಸ್ಟಿಕ್ ಹಲ್ಲು ಕಿತ್ತುಬಂದು ನುಂಗಿದರೆ ಹೆಚ್ಚಾಗಿ ತಾನೇ ಹೊರಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ನುಂಗಿದ ಮೇಲೆ ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ಸೊಯ್ ಅನ್ನುವ ಶಬ್ದ ಬಂದರೆ ಅದು ಶ್ವಾಸನಾಳಕ್ಕೆ ಹೋಗಿರಬಹುದು. ಆಗ 108ಕ್ಕೆ ಫೋನ್ ಮಾಡಿ ಅಥವಾ ಸೀದಾ ದೊಡ್ಡಾಸ್ಪತ್ರೆಗೆ ಓಡಿ.

ಬಿಚ್ಚಿಸುವುದು ಯಾವಾಗ

ಇದನ್ನು ಮರೆಯುವವರೇ ಜಾಸ್ತಿ. ಶಾಶ್ವತ ಹಲ್ಲು ಒಸಡನ್ನು ಉಬ್ಬಿಸಲು ಶುರು ಮಾಡಿದಾಗ ಕಟ್ಟಿದ ಹಲ್ಲು ಬಾಯಲ್ಲಿರಬಾರದು, ದಾರಿಗೆ ಅಡ್ಡವಾಗುತ್ತದೆ. ಆರು ವರ್ಷ ತುಂಬಿದ ಮೇಲೆ ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ. ಒಸಡು ಉಬ್ಬಿ ಬಿಳಿಚಿಕೊಂಡಿದ್ದರೆ, ಒಳಗೆ ಗಟ್ಟಿ ಅಂಚು ಕೈಗೆ ಸಿಕ್ಕರೆ ಡಾಕ್ಟರಿಗೆ ಹೇಳಿ. ನಮ್ಮದನ್ನು 6 ವರ್ಷ 10 ತಿಂಗಳಿಗೆ ತೆಗೆದರು. ಸಿಮೆಂಟು ಬಿಡಿಸಿ ಹೊರತೆಗೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಆಮೇಲೂ ಹೊಸ ಹಲ್ಲು ಎಷ್ಟೋ ದಿನ ಕಾಣಲೇ ಇಲ್ಲ. ಹಾಲುಹಲ್ಲನ್ನು ಬಹಳ ಬೇಗ ಕಿತ್ತರೆ ಆ ಜಾಗದ ಒಸಡು ದಪ್ಪವಾಗಿ ಶಾಶ್ವತ ಹಲ್ಲು ತಡವಾಗಿ ಬರುವುದುಂಟು. ಏಳೂವರೆಗೆ ಬಂತು. ಬಂದಾಗ ನಾನು ಗಾಬರಿಯಾದೆ. ಹಾಲುಹಲ್ಲಿಗಿಂತ ಹಳದಿ, ಗಾತ್ರ ದೊಡ್ಡದು, ತುದಿ ಗರಗಸದ ಹಲ್ಲಿನಂತೆ. ಮತ್ತೆ ಹುಳುಕಾ? ಅಲ್ಲ. ಶಾಶ್ವತ ಹಲ್ಲು ಹಾಗೇ ಇರುತ್ತದೆ, ಗರಗಸ ಕಚ್ಚುತ್ತಾ ಕಚ್ಚುತ್ತಾ ಸವೆಯುತ್ತದೆ.

ಅದನ್ನು ತೋರಿಸಲು ಹೋದಾಗಲೂ ಡಾಕ್ಟರು ಹೊಸ ಹಲ್ಲನ್ನು ಒಂದು ಸಲ ನೋಡಿ ಕನ್ನಡಿಯನ್ನು ಹಿಂದಕ್ಕೇ ಒಯ್ದರು. ಆರು ವರ್ಷಕ್ಕೆ ಹಾಲುಹಲ್ಲಿನ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ನಾಲ್ಕು ಶಾಶ್ವತ ದವಡೆ ಹಲ್ಲು ಬಂದಿರುತ್ತವೆ. ಎಷ್ಟೋ ಮನೆಯಲ್ಲಿ ಅವನ್ನೂ ಹಾಲುಹಲ್ಲೆಂದೇ ತಿಳಿದಿರುತ್ತಾರೆ. ಅವುಗಳ ಮೇಲಿನ ಆಳ ಗೀರುಗಳಿಗೆ ಸೀಲೆಂಟ್ ಬಳಿಸಿ ಮುಚ್ಚಿಸಬಹುದು, ಹಲ್ಲು ಕೊರೆಯುವುದಿಲ್ಲ, ಸೂಜಿಯಿಲ್ಲ. ನಮ್ಮದು ಅವತ್ತೇ ಎರಡಾಯಿತು, ಮುಂದಿನ ವಾರ ಇನ್ನೆರಡು.